ಮೌಗ್ಲಿಯ ಕಾಡು, ಧ್ರುವನ ಪೀಠ

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಕ್ರಾಫರ್ಡ್ ಮಾರುಕಟ್ಟೆಯ ಕಡೆಗೆ ನಡೆದುಹೋಗುವವರಿಗೆ ಎಡಗಡೆಯಲ್ಲಿ ಸಿಕ್ಕುವ ಸರ್ ಜೆ. ಜೆ. ಕಲಾಶಾಲೆಯ ಆವರಣದೊಳಗೆ, ಹಳೆಯ ವೃಕ್ಷಗಳ ನೆರಳಿನಲ್ಲಿ, ಒಂದು ಬಂಗಲೆಯಿದೆ. ರಡ್ಯಾರ್ಡ್ ಕಿಪ್ಲಿಂಗ್ ಎಂಬ ಆಂಗ್ಲ ಲೇಖಕ 1865ನೆಯ ಇಸವಿಯ ಡಿಸೆಂಬರ್ 30ರಂದು ಇಲ್ಲಿ ಜನಿಸಿದನೆಂದು ಸೂಚಿಸುವ ಫಲಕವೂ ಅವನ ಎದೆಮಟ್ಟದ ಪ್ರತಿಮೆಯೂ ಅಲ್ಲಿವೆ. ಆದರೆ ಈಗ ಕಾಣುವ ಬಂಗಲೆ ಅವನು ಹುಟ್ಟಿದ ಮೂಲಗೃಹವಲ್ಲ, ಅನಂತರ ಕಟ್ಟಿದ್ದು. ತನ್ನ ಸ್ಥಾನವಾವುದೆಂದು ಅರಸುತ್ತ ಅಲೆಯುವ ಬಾಲಕನೊಬ್ಬನ ಕಥೆಯನ್ನು ಜಗತ್ತಿಗೆಲ್ಲ ಹೇಳಿದವನ ಜನ್ಮಗೃಹವೇ ಹೀಗೆ ಸ್ವಸ್ಥಾನದಲ್ಲಿ ಉಳಿಯದೆ ಹೋದುದನ್ನು ವಿಧಿಯ ಪರಿಹಾಸವೆನ್ನಬೇಕೋ, ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಮುಂಬಯಿಯ ಸಹಜಸ್ವಭಾವವೆನ್ನಬೇಕೋ ತಿಳಿಯದು.

ತಂದೆ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಆ ಕಲಾಶಾಲೆಯಲ್ಲಿ ಶಿಲ್ಪಾಧ್ಯಾಪಕನಾಗಿದ್ದವನು. ಕ್ರಾಫರ್ಡ್ ಮಾರುಕಟ್ಟೆಯ ದ್ವಾರದ ಮೇಲಿನ ಉಬ್ಬುಶಿಲ್ಪಗಳನ್ನು ರೂಪಿಸಿದವನೂ ಅವನೇ. ಮಗು ಬೆಳೆದದ್ದು ಮಾತ್ರ ತಂದೆತಾಯಿಗಳ ಕೈಯಲ್ಲಿ ಎನ್ನುವುದಕ್ಕಿಂತ ಗೋವೆಯ ಕ್ರೈಸ್ತ ಆಯಾಳ ಕೈಯಲ್ಲಿ, ಮೀತಾ ಎಂಬ ಹಿಂದೂ ಪರಿಚಾರಕನ ಕೈಯಲ್ಲಿ. ಆಯಾಳ ಜೊತೆಯಲ್ಲಿ ನಸುಕಿನಲ್ಲಿ ಹಣ್ಣಿನ ಪೇಟೆಗೆ ಹೋಗುವುದು, ಮೀತಾನ ಬೆರಳು ಹಿಡಿದು ಸಣ್ಣಪುಟ್ಟ ಗುಡಿಗಳ ಮಬ್ಬುಗತ್ತಲೆಯಲ್ಲಿ ದೇವತಾಮೂರ್ತಿಗಳನ್ನು ದಿಟ್ಟಿಸುವುದು, ಮಧ್ಯಾಹ್ನದ ಸೆಕೆಯಲ್ಲಿ ಅವರಿಬ್ಬರ ಬಾಯಿಂದ ಕಥೆಯನ್ನೋ ಲಾಲಿಯನ್ನೋ ಕೇಳುತ್ತ ನಿದ್ದೆಹೋಗುವುದು, ಸಾಯಂಕಾಲ ಶುಭ್ರವಾದ ಉಡುಪು ತೊಟ್ಟು, ಅಪ್ಪ ಅಮ್ಮಂದಿರೊಡನೆ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ಎಚ್ಚರಿಕೆಯನ್ನು ಕೇಳಿಕೊಂಡು ಒಳಕೋಣೆಗೆ ಹೋಗುವುದು. ಹೀಗೆ ಕಳೆದ ದಿನಗಳನ್ನು ಅವನು ತನ್ನ ಮರಣಾನಂತರ 1937ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಸ್ಮರಿಸಿದ್ದಾನೆ. ದೇಶಭಾಷೆಯಲ್ಲಿ ಆಲೋಚಿಸಿ, ಕನಸುಕಂಡು, ಅದನ್ನು ತಡವರಿಸುತ್ತ ಇಂಗ್ಲಿಷಿಗೆ ತಿರುಗಿಸಿ ಹೆತ್ತವರೊಡನೆ ಮಾತಾಡುತ್ತಿದ್ದ ಆ ಮಗುವಿಗೆ ಸ್ವಂತ ಮನೆಯೇ ಪರಭಾಷಾಪ್ರದೇಶವಾಗಿತ್ತು.

ಐದು ವರ್ಷ ತುಂಬಿದ ಮೇಲೆ, 1871ರಲ್ಲಿ, ಅವನನ್ನೂ ಅವನ ಪುಟ್ಟ ತಂಗಿಯನ್ನೂ ಇಂಗ್ಲೆಂಡಿನ ಸೌತ್‌ಸೀ ಎಂಬ ಕಡಲತಡಿಯ ಪಟ್ಟಣಕ್ಕೆ ಒಯ್ದು, ಅಪರಿಚಿತರ ಮನೆಯಲ್ಲಿ ಬಿಟ್ಟು, ತಂದೆತಾಯಿಗಳು ಹಿಂದಿರುಗಿದರು. ಭಾರತದಲ್ಲಿದ್ದ ಆಂಗ್ಲಕುಟುಂಬಗಳಲ್ಲಿ ಆ ಕಾಲಕ್ಕೆ ಇದು ಅಸಾಧಾರಣವೇನೂ ಅಲ್ಲ. ಆದರೆ ಏಕೆ ಬಿಟ್ಟುಹೋಗುತ್ತಿದ್ದೇವೆಂಬುದನ್ನು ಮಕ್ಕಳಿಗೆ ಹೇಳುವ ಸೌಜನ್ಯವನ್ನೂ ಅವರು ತೋರಲಿಲ್ಲ. ಆರು ವರ್ಷಗಳ ಕಾಲ ಏಟು, ನಿಂದೆ, ನರಕದ ಭೀತಿ ಇವುಗಳ ನಡುವೆ ಬೆಳೆದ ಹುಡುಗ ಆ ಮನೆಯನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. 1882ರ ಅಕ್ಟೋಬರಿನಲ್ಲಿ, ಹದಿನೇಳು ತುಂಬುವ ಮೊದಲೇ, ಅವನು ಮುಂಬಯಿ ಬಂದರಿನಲ್ಲಿ ಮತ್ತೆ ಇಳಿದಾಗ, ಅರ್ಥವೇ ನೆನಪಿಲ್ಲದ ದೇಶಭಾಷೆಯ ವಾಕ್ಯಗಳು ತಾವಾಗಿ ಬಾಯಿಂದ ಹೊರಡತೊಡಗಿದವಂತೆ. ಮನಸ್ಸು ಮರೆತ ಸ್ಥಳವನ್ನು ನಾಲಗೆ ಮರೆತಿರಲಿಲ್ಲ. ಈ ಒಂದು ಸಂಗತಿಯನ್ನು ಓದುಗರು ಕೊಂಚ ಹೊತ್ತು ನೆನಪಿನಲ್ಲಿರಿಸಿಕೊಳ್ಳಬೇಕು.

'ಜಂಗಲ್ ಬುಕ್' 1894ರಲ್ಲಿಯೂ ಅದರ ಎರಡನೆಯ ಭಾಗ ಮರುವರ್ಷವೂ ಹೊರಬಂದವು. ಬರೆದದ್ದು ಅಮೆರಿಕದ ವರ್ಮಾಂಟ್ ಪ್ರಾಂತದ ಹಿಮದ ನಡುವೆ. ಬಣ್ಣಿಸಿದ್ದು ತಾನು ಕಣ್ಣಾರೆ ಕಾಣದ ಮಧ್ಯಪ್ರಾಂತದ ಸಿವನಿ ಅರಣ್ಯವನ್ನು, ವೈನ್‌ಗಂಗಾ ನದಿಯನ್ನು. ಅಲ್ಲಿ ಹುಲಿಯ ಬಾಯಿಂದ ತಪ್ಪಿಸಿಕೊಂಡು ತೋಳಗಳ ಗವಿಗೆ ಬರುವ ಮೌಗ್ಲಿ ಎಂಬ ಮಗುವನ್ನು, ಬಘೀರಾ ಎಂಬ ಕರಿಚಿರತೆ ಒಂದು ಎತ್ತಿನ ಬೆಲೆ ತೆತ್ತು ತೋಳಗಳ ಸಭೆಯಲ್ಲಿ ಸೇರಿಸುತ್ತದೆ. ಬೆಲೆ ಕೊಟ್ಟು ಪಡೆದ ಸದಸ್ಯತ್ವ ಬಹುಕಾಲ ಬಾಳುವುದೆ? ನಾಯಕನಾದ ಅಕೇಲಾ ಮುದಿಯಾದೊಡನೆ ತೋಳಗಳು ಹುಡುಗನನ್ನು ಮನುಷ್ಯನೆಂದು ಹೊರಗಟ್ಟುವುವು. ಮನುಷ್ಯರ ಹಳ್ಳಿಗೆ ಹೋದರೆ, ಬುಲ್‌ದೇವನೆಂಬ ಬೇಟೆಗಾರನ ಮಾತು ಕೇಳಿ ಊರವರು ಅವನನ್ನು ಮಾಟಗಾರನೆಂದು ಕಲ್ಲೆಸೆದು ಓಡಿಸುವರು. ಎಮ್ಮೆಗಳ ಹಿಂಡನ್ನು ಕಣಿವೆಯಲ್ಲಿ ನುಗ್ಗಿಸಿ ಶೇರ್‌ಖಾನನನ್ನು ಕೊಂದ ಶೂರನಿಗೆ, ಆ ಹುಲಿಯ ಚರ್ಮ ಹಾಸಿದ ಬಂಡೆಯ ಹೊರತು ನಿಲ್ಲಲು ಬೇರೆ ನೆಲವಿಲ್ಲದ ಸ್ಥಿತಿಯೊದಗುತ್ತದೆ. ಮಕ್ಕಳ ಅದ್ಭುತಕಥೆಗಳಲ್ಲಿ ಇಷ್ಟು ಕಠೋರವಾದ ಪ್ರಸಂಗಗಳು ವಿರಳ. ಸೌತ್‌ಸೀಯ ಬಾಗಿಲಿನಲ್ಲಿ ನಿಂತು ತಂದೆತಾಯಿಗಳ ದಾರಿ ಕಾದ ಮಗುವಿಗಲ್ಲದೆ ಬೇರೆಯವರಿಗೆ ಇದನ್ನು ಬರೆಯುವುದು ಶಕ್ಯವಿರಲಿಲ್ಲವೆಂದು ನಮ್ಮ ಎಣಿಕೆ. ಈ ಎರಡು ಪುಸ್ತಕಗಳಿಗಿಂತ ಮುಂಚೆ, 1893ರಲ್ಲಿ ಪ್ರಕಟವಾದ ಇನ್ನೊಂದು ಕಥೆಯಲ್ಲಿ ಬೆಳೆದ ಮೌಗ್ಲಿ ಕಾಣಿಸಿಕೊಂಡಿದ್ದಾನೆ. ಅಲ್ಲಿ ಅವನಿಗೆ ದೊರೆಯುವ ಅಂತಿಮ ಪುರುಷಾರ್ಥವೆಂದರೆ ಅರಣ್ಯ ಇಲಾಖೆಯ ಕಾವಲುಗಾರನ ನೌಕರಿ, ತಿಂಗಳ ಸಂಬಳ, ಮುಪ್ಪಿಗೆ ಪಿಂಚಣಿ! ನಮ್ಮ ಮಧ್ಯಮವರ್ಗದ ಮಾತಾಪಿತೃಗಳಿಗೆ ಇದಕ್ಕಿಂತ ಮಂಗಳಕರವಾದ ಮುಕ್ತಾಯ ಇನ್ನಾವುದಿದ್ದೀತು? ಕಿಪ್ಲಿಂಗನ ಸಾಮ್ರಾಜ್ಯಶಾಹಿ ಮನೋಧರ್ಮ ಈ ನೌಕರಿಯಲ್ಲಿ ಮರೆಯಿಲ್ಲದೆ ಹೊರಬಿದ್ದಿದೆ. ಕಾಡಿನ ಮಗನಿಗೂ ಕೊನೆಯ ಆಶ್ರಯ ಸರ್ಕಾರವೇ ಎಂಬುದು ಅವನ ನಂಬಿಕೆ. ಅದೃಷ್ಟವಶಾತ್ ಮಕ್ಕಳು ಆ ಕಥೆಯನ್ನು ಓದುವುದಿಲ್ಲ.

ಮಕ್ಕಳು ಓದುವುದು ಭಾಲೂ ಕರಡಿಯ ಪಾಠವನ್ನು. ಹಕ್ಕಿಗಳಿಗೊಂದು, ಹಾವುಗಳಿಗೊಂದು, ಬೇಟೆಯ ಮೃಗಗಳಿಗೊಂದು, ಹೀಗೆ ಪ್ರತಿಯೊಂದು ಜಾತಿಗೂ ಅದರದೇ ನುಡಿಯಲ್ಲಿ ಹೇಳಬೇಕಾದ ಅಭಯವಾಕ್ಯವನ್ನು ಮೌಗ್ಲಿ ಕಂಠಸ್ಥ ಮಾಡಿಕೊಳ್ಳಬೇಕು. ಮಂಗಗಳು ಅವನನ್ನು ಕದ್ದೊಯ್ಯುವಾಗ ಆಕಾಶದ ಹದ್ದಿಗೆ ಹದ್ದಿನ ಮಾತಿನಲ್ಲಿ ಕೂಗಿ ಹೇಳಿದ್ದರಿಂದಲೇ ಅವನು ಬದುಕುವುದು. ಮುಂಬಯಿಯಲ್ಲಿ ಬೆಳೆಯುವ ಕನ್ನಡದ ಮಗುವನ್ನು ಕಂಡವರಿಗೆ ಈ ಪಾಠದ ಅರ್ಥವನ್ನು ವಿವರಿಸಬೇಕಾಗಿಲ್ಲ. ಭಾಂಡೂಪಿನಲ್ಲೋ ಡೊಂಬಿವಲಿಯಲ್ಲೋ ಇರುವ ಕರಾವಳಿ ಮೂಲದ ಮನೆಯೊಂದರ ಮಗು ಅಜ್ಜಿಯೊಡನೆ ತುಳುವಿನಲ್ಲಿ ಹಟಮಾಡುತ್ತದೆ. ಕಟ್ಟಡದ ಅಂಗಳದಲ್ಲಿ ಕ್ರಿಕೆಟ್ಟಿನ ಜಗಳವನ್ನು ಹಿಂದಿಯಲ್ಲಿ ನಡೆಸುತ್ತದೆ. ತರಕಾರಿ ಮಾರುವಾಕೆಯೊಡನೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಶನಿವಾರದ ಸಂಜೆ ಶನಿಗ್ರಂಥ ಪಾರಾಯಣ ನಡೆಯುವಲ್ಲಿ ದೊಡ್ಡವರ ನಡುವೆ ಕುಳಿತು ಕನ್ನಡವನ್ನು ಕೇಳುತ್ತದೆ. ಮುಂಬಯಿ ಮಹಾನಗರಪಾಲಿಕೆಯೇ ಕನ್ನಡವೂ ಸೇರಿದಂತೆ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆಯಾದರೂ, ಕನ್ನಡದ ತರಗತಿಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿವೆ. ಇಷ್ಟು ಅಭಯವಾಕ್ಯಗಳನ್ನು ಬಲ್ಲ ಮಗು ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಅದಕ್ಕೆ ಎದುರಾಗುವ ಮೊದಲನೆಯ ಪ್ರಶ್ನೆ, "ಕನ್ನಡ ಓದ್ಲಿಕ್ಕೂ ಬರುದಿಲ್ವಾ ನಿಂಗೆ?" ಎಂಬುದು. ತೋಳಗಳ ಸಭೆ ಬಂಡೆಯ ಮೇಲೆಯೇ ಸೇರಬೇಕೆಂಬ ನಿಯಮವಿಲ್ಲ. ಜಗಲಿಯ ಮೇಲೂ ಸೇರಬಹುದು.

ಕಿಪ್ಲಿಂಗನು ಅರಣ್ಯಕ್ಕಾಗಿ ಸಿವನಿಯವರೆಗೆ ಹೋಗಬೇಕಾಗಿರಲಿಲ್ಲ. ಬೊರಿವಲಿ, ಮುಲುಂಡ್, ಠಾಣೆಗಳ ನಡುವೆ ಹಬ್ಬಿರುವ, ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಬಘೀರಾನ ಕುಲಬಾಂಧವರಾದ ಚಿರತೆಗಳು ಇಂದಿಗೂ ವಾಸವಾಗಿವೆ. ರಾತ್ರಿಯ ಹೊತ್ತು ವಸತಿಸಮುಚ್ಚಯಗಳ ಗೋಡೆಯನ್ನು ದಾಟಿ ನಾಯಿಗಳನ್ನು ಹುಡುಕಿಕೊಂಡು ಬರುವುದೂ ಉಂಟು. ಅಲ್ಲಿಯ ವಾರ್ಲಿ ಜನ ವಾಘೋಬಾ ಎಂಬ ವ್ಯಾಘ್ರದೇವತೆಗೆ ಪೂಜೆ ಸಲ್ಲಿಸಿ, ಆ ಮೃಗಗಳೊಡನೆ ತಲೆತಲಾಂತರದಿಂದ ಒಂದು ಒಪ್ಪಂದಕ್ಕೆ ಬಂದವರಂತೆ ಬಾಳುತ್ತ ಬಂದಿದ್ದಾರೆ. ಅದೇ ಕಾಡಿನ ಮಧ್ಯದಲ್ಲಿರುವುದು ಕಾನ್ಹೇರಿಯ ಬೌದ್ಧಗುಹೆಗಳು, ಪೂರ್ವದ ಕೃಷ್ಣಗಿರಿ. ಕನ್ನಡಿಗರು ಆ ಗುಹೆಗಳಲ್ಲಿ ಸ್ವಲ್ಪ ನಿಧಾನವಾಗಿ ನಡೆಯುವುದು ಉಚಿತ. ಏಕೆಂದರೆ ಅಲ್ಲಿನ ಶಾಸನಗಳಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ, ಅಂದರೆ ಕವಿರಾಜಮಾರ್ಗದೊಡನೆ ನಾವು ನೆನೆಯುವ ನೃಪತುಂಗನ, ಹೆಸರಿದೆ. ಅವನ ಸಾಮಂತರಾದ ಶಿಲಾಹಾರರು ಕೊಂಕಣವನ್ನು ಆಳುತ್ತಿದ್ದ ಕಾಲದಲ್ಲಿ, ಶಕ 775ರಲ್ಲಿ, ಅವಿಘ್ನಾಕರನೆಂಬವನು ಅಲ್ಲಿಯ ಭಿಕ್ಷುಸಂಘಕ್ಕೆ ದತ್ತಿ ಬಿಟ್ಟನು. ಅವನು ಬಂದವನು ದೂರದ ಗೌಡದೇಶದಿಂದ, ಎಂದರೆ ಬಂಗಾಳದಿಂದ. ಈ ಶಾಸನವನ್ನು ಕೈಯಲ್ಲಿ ಹಿಡಿದು ಮುಂಬಯಿ ನಮ್ಮದಾಗಿತ್ತೆಂದು ವಾದಿಸಹೊರಡುವುದು ಶುದ್ಧ ಬಾಲಿಶತನ. ಮಕ್ಕಳು ಹಾಗೆ ವಾದಿಸುವುದಿಲ್ಲವಾದ್ದರಿಂದ ಬಾಲಿಶವೆಂಬ ಮಾತೂ ಅನ್ಯಾಯವೇ. ಕನ್ನಡದ ಚಕ್ರವರ್ತಿಯ ಆಳ್ವಿಕೆಯಲ್ಲಿ ಬಂಗಾಳದವನೊಬ್ಬನು ಸಂಸ್ಕೃತಭಾಷೆಯ ಶಾಸನದೊಂದಿಗೆ ಕೊಂಕಣದ ಬೆಟ್ಟದಲ್ಲಿ ದಾನ ಮಾಡಿದನಷ್ಟೆ. ಹನ್ನೊಂದು ಶತಮಾನಗಳಿಗೂ ಹಿಂದೆಯೇ ಈ ನೆಲ ಬಂದವರಿಂದ ಕುಲಗೋತ್ರಗಳನ್ನು ಕೇಳದೆ ಕೊಟ್ಟದ್ದನ್ನು ಸ್ವೀಕರಿಸಿದೆ.

ಸ್ಥಾನವನ್ನು ಅರಸಿ ಹೊರಟ ಮಗುವಿನ ಕಥೆ ನಮಗೆ ಹೊರಗಿನಿಂದ ಬರಬೇಕಾದುದೇನಲ್ಲ. ಐದು ವರ್ಷದ ಧ್ರುವ ಉತ್ತಾನಪಾದನ ತೊಡೆಯೇರಹೋದಾಗ, ನನ್ನ ಹೊಟ್ಟೆಯಲ್ಲಿ ಹುಟ್ಟದವನಿಗೆ ಈ ಪೀಠವಿಲ್ಲವೆಂದು ಸುರುಚಿ ತಡೆಯುತ್ತಾಳೆ. ರಾಜನಾದ ತಂದೆ ಸುಮ್ಮನಿರುತ್ತಾನೆ. ಕಥೆಯ ಸಮಸ್ತ ಪಾಪವೂ ಇರುವುದು ಸುರುಚಿಯ ಮಾತಿನಲ್ಲಲ್ಲ, ಆ ತಂದೆಯ ಮೌನದಲ್ಲಿ. ಮಗು ಕಾಡಿಗೆ ಹೋಗಿ, ನಾರದನಿಂದ ಮಂತ್ರೋಪದೇಶ ಪಡೆದು, ಯಮುನೆಯ ತೀರದ ಮಧುವನದಲ್ಲಿ ತಪಸ್ಸು ಮಾಡಿ, ಕಲ್ಪಾಂತದವರೆಗೂ ಕದಲದ ಪದವಿಯನ್ನು ಪಡೆಯುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಭಾಗವತದ ನಾಲ್ಕನೆಯ ಸ್ಕಂಧವನ್ನು ಪೂರ್ತಿಯಾಗಿ ಓದಿದವರಿಗೆ ಮಾತ್ರ ತಿಳಿಯುವ ಎರಡು ಸಂಗತಿಗಳಿವೆ. ವರ ದೊರೆತ ಮೇಲೆ ಧ್ರುವನಿಗೆ ಸಂತೋಷವಾಗಲಿಲ್ಲ. ಕೇಳಬಾರದುದನ್ನು ಕೇಳಿಬಿಟ್ಟೆನೆಂದು ಪರಿತಪಿಸುತ್ತ ಮನೆಗೆ ಹಿಂದಿರುಗಿದನು. ಊರಿನ ಹೊರಗೆ ಉತ್ತಾನಪಾದನು ರಥದಿಂದಿಳಿದು ಓಡಿಬಂದು ಮಗನನ್ನು ತಬ್ಬಿಕೊಂಡನು. ಸುರುಚಿಯೂ ಕಾಲಿಗೆರಗಿದ ಬಾಲಕನನ್ನು ಎತ್ತಿ ಆಲಂಗಿಸಿದಳು. ಮೌಗ್ಲಿಯನ್ನು ತೋಳಗಳಾಗಲಿ ಹಳ್ಳಿಗರಾಗಲಿ ಹೀಗೆ ಎದುರುಗೊಳ್ಳಲಿಲ್ಲ. ನಮ್ಮ ಕಥೆಯಲ್ಲಿ ತಪಸ್ಸು ಮಗುವಿನದಾದರೂ ಬದಲಾಗಬೇಕಾದವರು ಮನೆಯ ಹಿರಿಯರು, ಮತ್ತು ಅವರು ಬದಲಾದರು. ಸಾಹಸಕಥೆಯಲ್ಲಿ ನಿಜವಾಗಿ ಪರೀಕ್ಷೆಗೊಳಗಾಗುವವರು ಅವರೇ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಧ್ರುವನಕ್ಷತ್ರದ ವಿಷಯದಲ್ಲಿ ಒಂದು ಸಣ್ಣ ವಿಚಾರವನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಭೂಮಿಯ ಉತ್ತರಾರ್ಧದ ಯಾವ ಊರಿನಲ್ಲಿ ನಿಂತು ನೋಡಿದರೂ ಆ ನಕ್ಷತ್ರ ದಿಗಂತದಿಂದ ಇರುವ ಎತ್ತರ ಹೆಚ್ಚುಕಡಿಮೆ ಆ ಊರಿನ ಅಕ್ಷಾಂಶದಷ್ಟೇ. ಉಡುಪಿಯಲ್ಲಿ ಅದು ಸುಮಾರು 13 ಡಿಗ್ರಿ ಎತ್ತರದಲ್ಲಿ, ತೆಂಗಿನ ತಲೆಗಳ ಹಿಂದೆ ಬಹುಮಟ್ಟಿಗೆ ಮರೆಯಾಗಿ ಕಂಡರೆ, ಮುಂಬಯಿಯಲ್ಲಿ 19 ಡಿಗ್ರಿಗೇರುತ್ತದೆ. ಕಿಪ್ಲಿಂಗನ ಸೌತ್‌ಸೀಯಲ್ಲಿ 51ರ ಸಮೀಪ. ಅಚಲನೆಂದು ವರ ಪಡೆದವನು ನಾವು ಊರು ಬದಲಿಸಿದಂತೆಲ್ಲ ತಾನೂ ಏರಿಳಿಯುತ್ತಾನೆ. ಇಷ್ಟೇ ಅಲ್ಲ, ಭೂಮಿಯ ಅಕ್ಷ ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ತಲೆದೂಗಿ ಒಂದು ಸುತ್ತು ಬರುವುದರಿಂದ, ಧ್ರುವಪೀಠದ ಅಧಿಕಾರ ಕಾಲಕಾಲಕ್ಕೆ ಬೇರೆ ಬೇರೆ ನಕ್ಷತ್ರಗಳಿಗೆ ಸಲ್ಲುತ್ತದೆ. ಈಜಿಪ್ಟಿನ ಪಿರಮಿಡ್ಡುಗಳು ಏಳುತ್ತಿದ್ದ ಕಾಲದಲ್ಲಿ ಅದು ಥುಬನ್ ಎಂಬ ಬೇರೊಂದು ತಾರೆಯದಾಗಿತ್ತು.

ಧ್ರುವನಿಗಿಂತಲೂ ಮುಂಬಯಿಯ ಮಕ್ಕಳಿಗೆ ಹತ್ತಿರದವನು ಬಭ್ರುವಾಹನನೇ ಸರಿ. ಲಕ್ಷ್ಮೀಶನ ಜೈಮಿನಿಭಾರತದಿಂದ ಯಕ್ಷಗಾನಕ್ಕೂ, 1977ರಲ್ಲಿ ರಾಜಕುಮಾರರ ಚಲನಚಿತ್ರಕ್ಕೂ ಇಳಿದುಬಂದ ಈ ಕಥೆ, ತಂದೆಯನ್ನು ಕಾಣದೆ ತಾಯಿಯ ಊರಿನಲ್ಲಿ ಬೆಳೆದವನದು. ಯಾಗಾಶ್ವವನ್ನು ಕಟ್ಟಿದವನು, ಬಂದಿರುವಾತ ಸ್ವಂತ ತಂದೆಯಾದ ಅರ್ಜುನನೆಂದು ತಿಳಿದು ಕಾಣಿಕೆಗಳೊಡನೆ ಕಾಲಿಗೆರಗಿದರೆ, ಆ ಮಹಾಶೂರ ಮಗನನ್ನು ಒದೆದು, ತಾಯಿಯ ಶೀಲಕ್ಕೆ ಕಲಂಕ ಹಚ್ಚುತ್ತಾನೆ. ಅಲ್ಲಿಂದಾಚೆ ನಡೆಯುವುದೆಲ್ಲ ಅದ್ಭುತವೇ: ಮಗನ ಬಾಣಕ್ಕೆ ತಂದೆ ಸಾಯುವುದು, ಸಂಜೀವಕಮಣಿಗಾಗಿ ಪಾತಾಳಕ್ಕಿಳಿದು ನಾಗಸೈನ್ಯದೊಡನೆ ಕಾದುವುದು, ಅಷ್ಟರಲ್ಲಿ ದುರ್ಬುದ್ಧಿ ದುಃಸ್ವಭಾವರೆಂಬ ನಾಗಕುಮಾರರು ಅರ್ಜುನನ ಶಿರಸ್ಸನ್ನೇ ಕದ್ದೊಯ್ಯುವುದು, ಕೃಷ್ಣ ಬಂದು ಎಲ್ಲವನ್ನೂ ಸರಿಪಡಿಸುವುದು. ಮಾಹಿಮಿನ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರದಲ್ಲಿ, ಕುರ್ಲಾದ ಬಂಟರ ಸಂಘದಲ್ಲಿ, ಸಾಂತಾಕ್ರೂಜಿನ ಬಿಲ್ಲವ ಭವನದಲ್ಲಿ, ಊರಿನ ಮೇಳಗಳು ಮಳೆಗಾಲದ ಬಿಡುವಿನಲ್ಲಿ ಬಂದು ಆಡುವ ಪ್ರಸಂಗಗಳನ್ನು ನೋಡಿ ಬೆಳೆದ ಮಕ್ಕಳು, ರವಿವಾರದ ತರಬೇತಿಗಳಲ್ಲಿ ತಾವೂ ಹೆಜ್ಜೆ ಕಲಿತು ರಂಗವೇರುತ್ತಾರೆ. ಮಕ್ಕಳಿಗೆಂದೇ ಮೇಳ ಕಟ್ಟುವ ಪರಂಪರೆ ಊರಿನಲ್ಲಿಯೂ ಉಂಟು: ಕಾರ್ಕಡ ಶ್ರೀನಿವಾಸ ಉಡುಪರೂ ಶ್ರೀಧರ ಹಂದೆಯವರೂ 1975ರಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳವನ್ನು ಯಕ್ಷಗಾನಪ್ರಿಯರು ಬಲ್ಲರು.

ಮುಂಬಯಿಯ ಚೌಕಿಯ ಒಳಗೆ ನಡೆಯುವುದನ್ನು ಒಮ್ಮೆ ನೋಡಬೇಕು. ಕನ್ನಡ ಅಕ್ಷರ ಬಾರದ ಹುಡುಗಿ ತನ್ನ ಮಾತುಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡು, ಮುಖಕ್ಕೆ ಬಣ್ಣ ಬಳಿಸಿಕೊಳ್ಳುತ್ತಲೇ ತುಟಿಯಲ್ಲಿ ಉರುಹಚ್ಚುತ್ತಿರುತ್ತಾಳೆ. ನಡುನಡುವೆ ಪಕ್ಕದ ವೇಷದೊಡನೆ ಹಿಂದಿಯಲ್ಲಿ ಪಿಸುಗುಟ್ಟುತ್ತಾಳೆ. ಭಾಗವತರ ಪದ ಎದ್ದು ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಅವಳ ಬಾಯಿಂದ ಹೊರಡುವ ಸಮಾಸಬದ್ಧವಾದ ಕನ್ನಡಕ್ಕೆ ಊರಿನ ಕಾಲೇಜಿನ ವಿದ್ಯಾರ್ಥಿಯೂ ತಲೆಬಾಗಬೇಕು. ಇದು ಗಿಳಿಪಾಠವೆಂದು ಮೂಗುಮುರಿಯುವವರಿದ್ದಾರೆ. ಅರ್ಥ ತಿಳಿಯದ ವಾಕ್ಯಗಳು ಬಂದರಿನಲ್ಲಿ ಇಳಿದವನ ನಾಲಗೆಯಿಂದ ಹೊರಟದ್ದನ್ನು ಹಿಂದೆ ಹೇಳಿದೆವಷ್ಟೆ. ಅರ್ಥ ಅನಂತರ ಬಂದೇ ಬರುವುದು, ನಾಲಗೆ ಮೊದಲು ಹಾಕಿಕೊಟ್ಟ ದಾರಿಯಲ್ಲಿ. ಉಪನಗರಗಳಲ್ಲಿ ಮಕ್ಕಳನ್ನು ಸೇರಿಸಿ ಕನ್ನಡ, ಭಜನೆ, ನಾಟಕಗಳನ್ನು ಕಲಿಸುತ್ತಿರುವ 'ಚಿಣ್ಣರ ಬಿಂಬ'ದಂತಹ ಸಂಸ್ಥೆಗಳ ಕೆಲಸ ನಮಗೆ ಮೆಚ್ಚುಗೆಯಾಗುವುದು ಈ ಕಾರಣಕ್ಕಾಗಿ. ಅಂದ ಹಾಗೆ, ಮಕ್ಕಳಲ್ಲಿ ಹೆಚ್ಚು ಪೈಪೋಟಿಯಿರುವುದು ಬಭ್ರುವಾಹನನ ಪಾತ್ರಕ್ಕಲ್ಲ. ತಲೆ ಕದಿಯುವ ನಾಗಕುಮಾರರ ಪಾತ್ರಕ್ಕೆ.

ಇವರ ಅಜ್ಜಂದಿರಲ್ಲಿ ಅನೇಕರು ವೇಷವಿಲ್ಲದೆಯೇ ಇಂಥ ಸಾಹಸಕ್ಕೆ ಹೊರಟವರು. ಹತ್ತು ಹನ್ನೆರಡರ ಪ್ರಾಯದಲ್ಲಿ, ಹೇಳಿಯೋ ಹೇಳದೆಯೋ ಮನೆಬಿಟ್ಟು, ಆಗಬೋಟಿನಲ್ಲಿಯೋ ಘಟ್ಟದ ಮೇಲಿನ ದಾರಿಯಾಗಿಯೋ ಮುಂಬಯಿ ಸೇರಿ, ಮಾಟುಂಗಾದಿಂದ ಕೋಟೆಯವರೆಗೆ ಹರಡಿದ್ದ ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸುವುದರಿಂದ ಮೊದಲುಗೊಂಡು ಮಾಣಿಯಾಗಿ, ಕೆಲವರು ಕೊನೆಗೆ ಗಲ್ಲಾದಲ್ಲಿ ಕುಳಿತವರಾಗಿ, ಬೆಳೆದರು. ಎ. ರಾಮ ನಾಯಕರು ಮಾಟುಂಗಾದಲ್ಲಿ 1942ರಲ್ಲಿ ತೆರೆದ ಶ್ರೀಕೃಷ್ಣ ಬೋರ್ಡಿಂಗಿನಂತಹ ಊಟದ ಮನೆಗಳು ಆ ಜಗತ್ತಿನ ಮುಖ್ಯ ಚಿಹ್ನೆಗಳು. ಹಗಲೆಲ್ಲ ದುಡಿದ ಹುಡುಗರು ಸಂಜೆ ಕೈತೊಳೆದು ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಜಾತೀಯ ಸಂಸ್ಥೆಗಳು ಜಾತಿಭೇದವೆಣಿಸದೆ ಅವರಿಗೆ ಬಾಗಿಲು ತೆರೆದಿದ್ದುವು. ಈ ಇತಿಹಾಸವನ್ನು ರಮ್ಯವಾಗಿಸುವುದು ತಪ್ಪು. ಎಳೆಯ ಕೈಗಳು ಬಿಸಿ ಪಾತ್ರೆ ಹೊತ್ತದ್ದು ಸಾಹಸವಲ್ಲ, ದಾರಿದ್ರ್ಯ. ಹೋಟೆಲುಗಳಲ್ಲಿ ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದಕ್ಕೆ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ, ಬಹಳ ತಡವಾಗಿ. ಆದರೂ ಆ ರಾತ್ರಿಶಾಲೆಗಳಲ್ಲಿ ಪರವೂರಿನ ಹಿರಿಯರು ಯಾರದೋ ಮಗುವನ್ನು ತಮ್ಮದೆಂದು ಎದುರುಗೊಂಡರೆಂಬುದು ಸತ್ಯ. ಉತ್ತಾನಪಾದ ರಥದಿಂದ ಇಳಿಯುವ ಪ್ರಸಂಗ ಅಲ್ಲಿ ಪ್ರತಿರಾತ್ರಿ ನಡೆಯುತ್ತಿತ್ತು.

ಹನೇಹಳ್ಳಿಯಿಂದ ಬಂದು ಬಾಂದ್ರಾದ ಕಡಲಿನೆದುರು ಬಾಳಿದ ಯಶವಂತ ಚಿತ್ತಾಲರು, ಉಡುಪಿಯ ವ್ಯಾಸರಾಯ ಬಲ್ಲಾಳರು, ಗೋಕರ್ಣದ ಜಯಂತ ಕಾಯ್ಕಿಣಿಯವರು ಮುಂಬಯಿಯಲ್ಲಿ ನೆಲೆಯರಸುವ ದೊಡ್ಡವರ ಕಥೆಗಳನ್ನು ಶ್ರೇಷ್ಠವಾಗಿ ಬರೆದಿದ್ದಾರೆ. ಅಲ್ಲಿಯೇ ಹುಟ್ಟಿದ ಮಕ್ಕಳಿಗಾಗಿ ಬರೆಯಹೊರಡುವ ಲೇಖಕನಿಗೆ ಸಾಮಗ್ರಿಯ ಕೊರತೆಯಿಲ್ಲ: ಬೊರಿವಲಿಯ ಚಿರತೆಯಿದೆ, ಕಾನ್ಹೇರಿಯ ಗುಹೆಯೊಳಗಿಂದ ಪಾತಾಳಕ್ಕೆ ಇಳಿಯುವ ದಾರಿಯನ್ನು ತೋಡಿಕೊಳ್ಳಬಹುದು, ಐದು ಭಾಷೆಗಳ ಅಭಯವಾಕ್ಯಗಳನ್ನು ಬಲ್ಲ ನಾಯಕಿಯಂತೂ ಸಿದ್ಧಳಾಗಿದ್ದಾಳೆ. ಅವನಲ್ಲಿ ನಮ್ಮದೊಂದೇ ಬಿನ್ನಹ. ಕೊನೆಯ ಅಧ್ಯಾಯದಲ್ಲಿ ಅವಳನ್ನು ಕೊಂಕಣ ರೈಲ್ವೆಯ ಗಾಡಿ ಹತ್ತಿಸಿ ಅಜ್ಜನಮನೆಯ ಅಂಗಳಕ್ಕೆ ತಲುಪಿಸಿ, ಇದೋ ನಿನ್ನ ಊರು ಎಂದು ಕಣ್ಣೀರು ಸುರಿಸತಕ್ಕದ್ದಲ್ಲ. ಪಾತಾಳದಿಂದ ಮಣಿಯನ್ನು ತಂದವಳು ಮುಲುಂಡಿನ ಮನೆಗೇ ಮರಳಲಿ. ಮಂಗಳೂರಿನಿಂದ ಅಜ್ಜನೇ ಗಾಡಿ ಹತ್ತಿ ಅವಳನ್ನು ನೋಡಲು ಬರಲಿ, ದಾದರಿನಲ್ಲಿ ಇಳಿಯುವ ಮೊದಲು ನಾಲ್ಕು ಮಾತು ಮರಾಠಿಯನ್ನೂ ಕಲಿತುಕೊಳ್ಳಲಿ.